ಎರಡು ಬೆರಳು ಎತ್ತರ

ಎರಡನೇ ಸಲ ಅದೇ ಕಿಟಕಿಯ ಕಟ್ಟೆಯನ್ನು ಎತ್ತರಿಸುವಾಗ ಮೇಸ್ತ್ರಿ ಕರಣೆ ಕೆಳಗಿಟ್ಟ. "ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಮಗೂನ ನೀವು ಕಣ್ಣಾರೆ ನೋಡಿದ್ದೀರಾ?"

ಮಣ್ಣಕ್ಕ ನೋಡಿರಲಿಲ್ಲ. ಅವಳ ನಿಜವಾದ ಹೆಸರು ಕೆಲಸದವರಿಗೆ ಮರೆತೇಹೋಗಿತ್ತು. ಹದಿನಾರು ವರ್ಷಗಳಿಂದ ಒಂದು ಚೀಲ ಸಿಮೆಂಟನ್ನೂ ಮುಟ್ಟದೆ ಪುಟ್ಟ ಪುಟ್ಟ ಮಣ್ಣಿನ ಮನೆಗಳ ನಕ್ಷೆ ಬರೆದು, ಮುಂದೆ ನಿಂತು ಕಟ್ಟಿಸುವವಳಿಗೆ ಆ ಅಡ್ಡಹೆಸರೇ ಚೆನ್ನಾಗಿ ಒಪ್ಪಿತ್ತು. ಅವಳ ಮನೆಗಳಿಗೆ ಹೊರಗಿನ ಕರೆಂಟಿನ ತಂತಿ ಬೇಡ, ನಲ್ಲಿ ನೀರು ಬೇಡ. ಸೂರಿನ ಮೇಲೆ ಸೋಲಾರ್ ಫಲಕ, ಹಿತ್ತಲಲ್ಲಿ ಮಳೆನೀರಿನ ತೊಟ್ಟಿ. ಗೋಡೆಯ ಮಣ್ಣನ್ನೂ ಅದೇ ಜಾಗದಲ್ಲಿ ಅಗೆದು, ಒಣಹುಲ್ಲು ಬೆರೆಸಿ ತುಳಿಸುತ್ತಿದ್ದಳು. ಮನೆ ಕಟ್ಟಿ ನೋಡು ಅಂದವರು ಮಣ್ಣಕ್ಕನ ಕೈಲಿ ಕಟ್ಟಿಸಿ ನೋಡಿಲ್ಲ ಎಂದು ಮೇಸ್ತ್ರಿ ಬೆನ್ನ ಹಿಂದೆ ನಗುತ್ತಿದ್ದ. ಅವಳ ಹಟ ಅಂಥದು. ಮನೆಯಲ್ಲಿ ಇರಲಿರುವ ಪ್ರತಿಯೊಬ್ಬರನ್ನೂ ನಿಲ್ಲಿಸಿ, ಕೂರಿಸಿ, ಮೊಣಕೈ ಎಷ್ಟು ಎತ್ತರ, ಕೂತಾಗ ಕಣ್ಣು ಎಷ್ಟು ಎತ್ತರ ಎಂದು ತಾನೇ ಅಳೆಯದೆ ನಕ್ಷೆಗೆ ಕೈ ಹಾಕುತ್ತಿರಲಿಲ್ಲ. ದರ್ಜಿ ಕೂಡ ಅಷ್ಟು ಅಳೆಯಲಾರ.

ಈ ಒಂದು ಮನೆಗೆ ಮಾತ್ರ ಹಟ ಸಡಿಲಿಸಿದ್ದಳು. ಗಂಡ ಹೆಂಡತಿ ಇಬ್ಬರೂ ಬಂದು ಅಳತೆ ಕೊಟ್ಟು ಹೋಗಿದ್ದರು. ಗಂಡ ಗಡಿಯಾರ ರಿಪೇರಿ ಮಾಡುವವನು, ಮಾತು ಕಡಿಮೆ. ಮರುವಾರ ಹೆಂಡತಿ ಒಬ್ಬಳೇ ಬಂದು ಮಗಳದ್ದೂ ಇರಲಿ ಎಂದು ಒಂದು ಬಿಳಿ ದಾರ ಕೊಟ್ಟಳು. ನೆಲದಿಂದ ಮೊಣಕೈವರೆಗಿನ ಉದ್ದಕ್ಕೆ ಅದರಲ್ಲೊಂದು ಗಂಟಿತ್ತು. ಹುಡುಗಿಗೆ ನಾಚಿಕೆ, ಹೊಸಬರೆಂದರೆ ಬಾಗಿಲ ಹಿಂದೆ ಅವಿತುಕೊಳ್ಳುತ್ತಾಳೆ ಎಂದಳು. ಮಣ್ಣಕ್ಕ ನಂಬಿದಳು. ಆ ಗಂಟಿಗೆ ಸರಿಯಾಗಿ ಪಶ್ಚಿಮದ ಗೋಡೆಯಲ್ಲಿ ಒಂದು ತಗ್ಗು ಕಿಟಕಿ ಇಟ್ಟು, ತೆರೆಯದಂತೆ ಗಾಜು ಕೂರಿಸಿದಳು.

ಮಳೆಗಾಲದಲ್ಲಿ ನಿಲ್ಲಿಸಿ ಬಿಸಿಲಿಗೆ ಮುಂದುವರಿಸುವ ಕೆಲಸ, ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಇನ್ನೆರಡು ದಾರ ಬಂದವು. ಪ್ರತಿಸಲವೂ ಗಂಟು ಎರಡು ಬೆರಳು ಮೇಲೆ. ಬೆಳೆಯೋ ಮಗು ಅಲ್ವಾ, ಕಟ್ಟೆ ಸ್ವಲ್ಪ ಎತ್ತರಿಸಿಕೊಡಿ ಎಂದು ಆಕೆ ನಗುನಗುತ್ತ ಕೇಳುವಾಗ ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ.

"ನಿನ್ನ ಮೀಸೆ ಕಂಡು ಹೆದರಿರ್ತಾಳೆ ಬಿಡು," ಎಂದು ಮಣ್ಣಕ್ಕ ಮೇಸ್ತ್ರಿಯ ಬಾಯಿ ಮುಚ್ಚಿಸಿದಳು. ಆದರೆ ಅವನು ತಲೆಗೆ ಹುಳ ಬಿಟ್ಟಾಗಿತ್ತು. ಆ ಸಂಜೆ ಕಟ್ಟೆಗೆ ನುಣುಪಾದ ಜೇಡಿಯ ಗಿಲಾವು ಬಳಿದು, ಒಣಗಲೆಂದು ಬೀಗ ಹಾಕಿದರು. ಇದ್ದ ಒಂದೇ ಬೀಗದಕೈ ಮಣ್ಣಕ್ಕನ ಚೀಲದಲ್ಲಿತ್ತು.

ಎಂಟನೇ ದಿನ ಬೆಳಿಗ್ಗೆ ಇಬ್ಬರೂ ಹೋದಾಗ ಅಂಗಳದಲ್ಲಿ ಆ ಗಂಡ ಒಬ್ಬನೇ ನಿಂತಿದ್ದ. ನಿದ್ದೆಗೆಟ್ಟ ಮುಖ.

"ಆ ಸಣ್ಣ ಕಿಟಕಿ ಮುಚ್ಚಿಬಿಡಿ ಮೇಡಂ. ಮಧ್ಯಾಹ್ನ ಅವಳು ಬರ್ತಾಳೆ, ಅಷ್ಟರೊಳಗೆ."

ಬೀಗ ತೆಗೆಯುತ್ತಿದ್ದ ಮಣ್ಣಕ್ಕನ ಕೈ ನಿಂತಿತು. ಅವನು ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಮಗಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆಗವಳಿಗೆ ಐದು, ಮೂರೇ ದಿನದ ಜ್ವರ. ಬಾಡಿಗೆ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಅವಳ ಎತ್ತರದ ಪೆನ್ಸಿಲ್ ಗೆರೆಗಳಿದ್ದವು. ಮಗು ಹೋದ ಮೇಲೂ ಹೆಂಡತಿ ಗೆರೆ ಎಳೆಯುವುದನ್ನು ಬಿಡಲಿಲ್ಲ. ಒಂದು ದಿನ ತಾಳಲಾರದೆ ಅವನು ಚೌಕಟ್ಟಿಗೆ ಬಣ್ಣ ಬಳಿದುಬಿಟ್ಟ. ಅದೇ ವಾರ ಅವಳು ಮಣ್ಣಿನ ಮನೆ ಬೇಕೆಂದಳು. ಏನೋ ಒಂದು ಆಸೆ ಹುಟ್ಟಿತಲ್ಲ ಎಂದು ಅವನು ಖುಷಿಪಟ್ಟಿದ್ದ. ನಕ್ಷೆಯ ತಗ್ಗು ಕಿಟಕಿ ನೆಲದ ಮೇಲೆ ಕೂರುವವರಿಗೆ ಇರಬೇಕೆಂದುಕೊಂಡಿದ್ದ. ಮುಂದಿನ ಸಲಕ್ಕೆಂದು ಅವಳು ದಾರಕ್ಕೆ ಗಂಟು ಹಾಕುವುದು ನಿನ್ನೆ ಕಣ್ಣಿಗೆ ಬಿದ್ದಿತ್ತು.

"ಮಣ್ಣೇ ಯಾಕೆ ಬೇಕಿತ್ತು ಅಂತ ಕೇಳ್ದೆ," ಎಂದ. "ಸಿಮೆಂಟಾದ್ರೆ ಕಟ್ಟಿದ್ದೇ ಕಟ್ಟಿದ್ದು, ಮಣ್ಣಾದ್ರೆ ಅವಳು ಬೆಳೆದ ಹಾಗೆ ಎತ್ತರಿಸಬಹುದು ಅಂದ್ಲು. ಆ ಕಿಟಕಿ ಇದ್ರೆ ನನಗೆ ಹೆಂಡತೀನೂ ಉಳಿಯಲ್ಲ ಮೇಡಂ."

ಮಣ್ಣಕ್ಕನಿಗೆ ದುಃಖಕ್ಕಿಂತ ಮೊದಲು ನಾಚಿಕೆಯಾಯಿತು. ಮಗುವನ್ನು ಕರೆತಂದು ನಿಲ್ಲಿಸಿ ಎಂದು ಅಂದೇ ಹಟ ಹಿಡಿದಿದ್ದರೆ ವಿಷಯ ಅಂದೇ ಹೊರಬೀಳುತ್ತಿತ್ತು. ಮುಚ್ಚು ಎಂದು ಮೇಸ್ತ್ರಿಗೆ ಸನ್ನೆ ಮಾಡಿದಳು.

ಒಳಗೆ ನೆಲದ ಮೇಲೆ ತೆಳ್ಳಗೆ ಧೂಳು ಕೂತಿತ್ತು, ಅದರ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ. ಮೇಸ್ತ್ರಿ ಸುಡದ ಹಸಿ ಇಟ್ಟಿಗೆಗಳನ್ನು ತಂದು ಕಿಟಕಿಯ ಪಕ್ಕ ಜೋಡಿಸಿದ. ಒಣಗಿದ ಮಣ್ಣಿಗೆ ಹೊಸ ಮಣ್ಣು ಅಂಟಬೇಕಾದರೆ ಮೊದಲು ಅದನ್ನು ತೋಯಿಸಬೇಕು. ಕಟ್ಟೆಯ ಮೇಲೆ ನೀರು ಚಿಮುಕಿಸಿದ. ಬಾಯಾರಿದ ಮಣ್ಣು ನೀರನ್ನೆಲ್ಲ ಹೀರಿಕೊಂಡಿತು, ಎರಡು ಕಡೆ ಮಾತ್ರ ನೀರು ಹಾಗೇ ನಿಂತಿತು. ಅಕ್ಕಪಕ್ಕದಲ್ಲಿ ಎರಡು ಸಣ್ಣ ಗುಳಿಗಳು, ಒಂದೊಂದರಲ್ಲಿ ಅರ್ಧ ಚಮಚ ನೀರು. ಒಳಗಿನ ಮಣ್ಣು ಸವೆದು ಹೊಳೆಯುತ್ತಿತ್ತು.

"ನಾನು ಮಟ್ಟದ ಪಟ್ಟಿ ಎಳೆದು ನಯ ಮಾಡೇ ಬಿಟ್ಟಿದ್ದು ಅಕ್ಕ," ಎಂದು ಮೇಸ್ತ್ರಿ ಪಿಸುಗುಟ್ಟಿದ. "ಕನ್ನಡಿ ಥರ ಇತ್ತು. ನೀವೇ ನೋಡಿದ್ದೀರಲ್ಲ."

ಅವಳು ನೋಡಿದ್ದಳು. ಮಂಡಿಯೂರಿ ಒಂದು ಗುಳಿಯಲ್ಲಿ ತನ್ನ ಮೊಣಕೈ ಇಟ್ಟು ನೋಡಿದಳು. ಹಿಡಿಯಲಿಲ್ಲ. ಗುಳಿಯ ಮಣ್ಣು ಬೆಚ್ಚಗಿತ್ತು. ಬಿಸಿಲು ಇನ್ನೂ ಆ ಗೋಡೆಯತ್ತ ತಿರುಗಿರಲಿಲ್ಲ. ಅವಳಿಗೆ ಭಯವಾಯಿತು, ಎದ್ದು ಹಿಂದೆ ಸರಿದಳು.

ಗಂಡ ಹತ್ತಿರ ಬಂದ. ತುಂಬ ಹೊತ್ತು ನೋಡಿದ. ಎಡಗಡೆಯ ಗುಳಿ ಬಲಗಡೆಯದಕ್ಕಿಂತ ತುಸು ಆಳವಿತ್ತು.

"ಎಡಗೈ ಮೇಲೇ ಭಾರ ಹಾಕಿ ನಿಲ್ತಿದ್ಲು," ಎಂದ. ಯಾರಿಗೂ ಹೇಳಿದ್ದಲ್ಲ ಅದು.

ಕೈಯಲ್ಲಿ ಇಟ್ಟಿಗೆ ಹಿಡಿದೇ ಮೇಸ್ತ್ರಿ ಏನು ಮಾಡಲಿ ಸಾರ್ ಎಂದು ಕೇಳಿದ. ಗಂಡ ಗುಳಿಗಳಿಂದ ಕಣ್ಣೆತ್ತಿ ಕಿಟಕಿಯ ಮೇಲ್ಭಾಗ ನೋಡಿದ.

"ಇದನ್ನ ಇನ್ನೂ ಎಷ್ಟು ಎತ್ತರಿಸಬಹುದು?"

ಮೇಸ್ತ್ರಿ ಮಣ್ಣಕ್ಕನ ಮುಖ ನೋಡಿದ. ಆಮೇಲೆ ಇಟ್ಟಿಗೆಯನ್ನು ಕೆಳಗಿಟ್ಟು, ಕಟ್ಟೆಯಿಂದ ಕಿಟಕಿಯ ಮೇಲಿನ ಹಲಗೆಯವರೆಗೆ ಗೇಣು ಹಾಕಿದ. "ಎರಡೂವರೆ ಗೇಣು ಇದೆ ಸಾರ್. ದೊಡ್ಡ ಹುಡುಗಿ ಆಗೋ ತನಕ ಸಾಕು."

ಅವನು ತಲೆಯಾಡಿಸಿದ. ಜೇಬಿನಿಂದ ಕರವಸ್ತ್ರ ತೆಗೆದು, ಅದರ ತುದಿಯನ್ನು ಹೊಸೆದು, ಅಂಚು ಕೆಡದ ಹಾಗೆ ಮೊದಲು ಒಂದು ಗುಳಿಯ ನೀರನ್ನು, ಆಮೇಲೆ ಇನ್ನೊಂದರ ನೀರನ್ನು ಹೀರಿ ತೆಗೆದ. ಹೊರಗೆ ಗೇಟಿನ ಸದ್ದಾಯಿತು. ಅವನು ತಿರುಗಿ ನೋಡಲಿಲ್ಲ. ಕಿಟಕಿಗೆ ಅಡ್ಡವಾಗದಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ.