ನೀಲಿಯಾದ ಚಿನ್ನ

ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನಾಗಿ ಮಾಡಿದರೆ ಅದು ಹಳದಿಯಾಗಿ ಉಳಿಯುವುದಿಲ್ಲ, ನೀರಿನಲ್ಲಿ ಕೆಂಪಗೆ ತೇಲುತ್ತದೆ. ಇದನ್ನು ಮೊದಲ ಸಲ ಕೇಳಿದಾಗ, ಅಜ್ಜಿ ನನಗೆ ಹೇಳದೆ ಉಳಿಸಿಕೊಂಡ ಕಥೆ ಇದೇ ಇರಬೇಕು ಅನ್ನಿಸಿ ಪಿಎಚ್‌ಡಿಗೆ ಸೇರಿಬಿಟ್ಟೆ.

ಕಥೆಯ ರಾಜನಿಗೆ ಇಬ್ಬರು ರಾಣಿಯರಿದ್ದಂತೆ ನಮ್ಮಲ್ಲಿ ಒಬ್ಬೊಬ್ಬರಿಗೂ ಎರಡು ವಿಭಾಗದ ಇಬ್ಬರು ಗೈಡು. ಎರಡೂ ವಿದ್ಯೆ ಬೆರೆತರೆ ಹೊಸದು ಹುಟ್ಟುತ್ತದೆ ಎಂದು ವಿಶ್ವವಿದ್ಯಾಲಯದ ನಂಬಿಕೆ. ನನ್ನ ಪಾಲಿಗೆ ಬಂದವರು ಕೆಮಿಸ್ಟ್ರಿ ಮೇಡಂ, ಬಯಾಲಜಿ ಸರ್. ಮೇಡಂಗೆ ಕಣಗಳು ಬಾಟಲಿಯಲ್ಲಿ ಚೆನ್ನಾಗಿ ಹೊಳೆದರೆ ಸಾಕು. ಸರ್‌ಗೆ ಅವು ಔಷಧಿ ಹೊತ್ತು ರೋಗ ಹಿಡಿದ ಜೀವಕೋಶದೊಳಗೆ ನುಗ್ಗಬೇಕು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನೊಗ ನಾನು.

ವರ್ಷದ ಕೊನೆಗೆ ಸಮಿತಿಯೆದುರು ಮಾದರಿ ತೋರಿಸಬೇಕು. ಅವರು ಒಪ್ಪಿದರೆ ಓದು ಮುಂದುವರಿಯುತ್ತದೆ, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಆ ಬೆಳಿಗ್ಗೆ ನನ್ನ ಬಾಟಲಿ ದಾಳಿಂಬೆ ರಸದಂತೆ ಕೆಂಪಗಿತ್ತು. ಅದನ್ನು ಸರ್ ಅವರ ಮೇಜಿನ ಮೇಲಿಟ್ಟು ಪ್ರೊಜೆಕ್ಟರಿನ ವೈರು ತರಲು ಹೋದೆ. ಬಂದು ನೋಡಿದರೆ ಬಿಳಿ ಬಟ್ಟೆಗೆ ಹಾಕುವ ನೀಲಿ.

"ಸರ್, ಇದಕ್ಕೆ ಏನಾದ್ರೂ ಹಾಕಿದ್ರಾ?"

"ಸ್ವಲ್ಪ ಉಪ್ಪುನೀರು ಹಾಕ್ದೆ ಕಣಮ್ಮ. ನೀನು ಬರೀ ನೀರಲ್ಲಿಟ್ಟಿದ್ದೆ, ಪಾಪ ಅನ್ನಿಸ್ತು."

ಬರೀ ನೀರಿನಲ್ಲಿಟ್ಟರೆ ಜೀವಕೋಶ ಉಬ್ಬಿ ಒಡೆಯುತ್ತದೆ. ಅವುಗಳನ್ನೇ ಮಕ್ಕಳಂತೆ ಸಾಕಿದ ಕೈ, ಚಿನ್ನವನ್ನೂ ಸಾಕಲು ಹೋಗಿತ್ತು.

ಅಷ್ಟರಲ್ಲಿ ಮೇಡಂ ಬಂದರು. ಬಾಟಲಿ ನೋಡಿ ಮುಖ ಹುಳ್ಳಗಾಯಿತು. "ಏನ್ರೀ ಇದು, ಅಡುಗೆಮನೆ ಅಂದ್ಕೊಂಡ್ರಾ?"

"ಉಪ್ಪಿಲ್ದೆ ಬದುಕೋದು ಹೇಗ್ರೀ?"

"ಬದುಕೋಕೆ ಅದಕ್ಕೆ ಜೀವ ಇದ್ಯೇನ್ರೀ?"

ಮತ್ತೊಂದು ಬಾಟಲಿ ಮಾಡಲು ಹೊತ್ತಿರಲಿಲ್ಲ. ನೀಲಿಯನ್ನೇ ಹಿಡಿದು ಸಮಿತಿಯ ಕೋಣೆಗೆ ಹೋದೆ, ಅವರಿಬ್ಬರೂ ಹಿಂದೆಯೇ ಬಂದರು.

ಸಮಿತಿಯ ಅಧ್ಯಕ್ಷರು ಇಂಜಿನಿಯರಿಂಗ್ ವಿಭಾಗದ ಹಿರಿಯರು. ಕನ್ನಡಕ ಮೇಲೇರಿಸಿ, "ಕೆಂಪು ಅಂತ ಬರ್ದಿದೀಯಲ್ಲಮ್ಮ," ಅಂದರು.

"ಉಪ್ಪು ಬಿತ್ತು ಸರ್. ಎಲ್ಲ ಕಣಗಳಿಗೂ ಒಂದೇ ಥರದ ವಿದ್ಯುತ್ತು. ಅದಕ್ಕೇ ಮುನಿಸ್ಕೊಂಡ ವಾರಗಿತ್ತಿಯರ ಹಾಗೆ ದೂರ ದೂರ ಇರುತ್ವೆ. ಉಪ್ಪು ಬಿದ್ರೆ ಮುನಿಸು ಇಳಿಯುತ್ತೆ. ಬಂದು ಅಂಟ್ಕೊಂಡು ಗುಂಪು ಕಟ್ತಾವೆ. ಗುಂಪು ಕಟ್ಟಿದ್ರೆ ನೀಲಿ."

ಅಧ್ಯಕ್ಷರು ಯೋಚಿಸಿದರು. "ರಕ್ತದಲ್ಲೂ ಉಪ್ಪಿರುತ್ತಲ್ಲ? ಅಲ್ಲಿಗೆ ಹೋದ್ರೂ ಹೀಗೇ ಆಗಲ್ವಾ?"

"ಮೇಲೊಂದು ಹೊದಿಕೆ ಹಾಕಿದ್ರೆ ಆಗಲ್ಲ," ಅಂದರು ಮೇಡಂ. "ಅದನ್ನ ಸರ್ ಹಾಕ್ಕೋತಾರೆ ಅಂತಿದ್ದೆ."

"ನಾನಾ? ನೀವು ಹಾಕೇ ಕಳಿಸ್ತೀರ ಅಂತ ನಾನು."

ವರ್ಷವಿಡೀ ಎದುರುಬದುರು ಬಾಗಿಲಲ್ಲಿ ಓಡಾಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಬ್ಬರೂ ಬಿಡಿ, ಹುಡುಗಿ ಹಾಕ್ತಾಳೆ," ಎಂದು ಅಧ್ಯಕ್ಷರು ಸಹಿ ಮಾಡಿದರು. "ಅವಳ ಪಿಎಚ್‌ಡಿ ಅದೇ."

ಹೊರಗೆ ಬಂದಕೂಡಲೇ ಹೊಸ ಜಗಳ. ಹೊದಿಕೆಯ ಕೆಲಸ ಕೆಮಿಸ್ಟ್ರಿಯದು ಎಂದು ಮೇಡಂ, ಬಯಾಲಜಿಯದು ಎಂದು ಸರ್. ಕೊನೆಗೆ ರಾಜಿಯಾಗಿ ಎರಡು ಲ್ಯಾಬುಗಳ ನಡುವಿನ ಓಣಿಯಲ್ಲಿ ನನಗೊಂದು ಮೇಜು ಹಾಕಿಕೊಟ್ಟರು. ಗಾಳಿ ಚೆನ್ನಾಗಿ ಬರುತ್ತದೆ.