ಮಗ್ಗದ ಪೆಟ್ಟಿಗೆ

ಕಿನು ಅಜ್ಜಿ ನಿನ್ನೆ ಬೆಳಗಿನಿಂದ ತುತ್ತಿಗೆ ಬಾಯಿ ತೆರೆದಿರಲಿಲ್ಲ. ಇವತ್ತೂ ಏನೂ ತಿನ್ನದಿದ್ದರೆ ಮೂಗಿಗೆ ನಳಿಗೆ ಹಾಕುವುದೇ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ನಳಿಗೆಯ ಹೆದರಿಕೆಯೇ ಮಗಳು ಹತ್ಸುಯೆಯನ್ನು, ಅಮ್ಮನ ಗಾಲಿಕುರ್ಚಿ, ಅನ್ನದುಂಡೆಯ ಡಬ್ಬಿ, ತಾಳದ ಸದ್ದು ಕಟ್ಟಿಟ್ಟು ನುಡಿಸುವ ಒಂದು ಹಳೇ ಡ್ರಮ್ ಮಷೀನು ಸಮೇತ, ಹಮಾಮತ್ಸು ಊರಿನ ಆ ತುದಿಯ ಇಸೋಬೆಯ ರಿಪೇರಿ ಅಂಗಡಿಗೆ ಅಟ್ಟಿಕೊಂಡು ಬಂದಿತ್ತು.

ಮಷೀನು ತೀರಿಹೋದ ಅಪ್ಪ ತೋಕುಜಿಯದು. ಆತ ಬಟ್ಟೆ ಗಿರಣಿಯಲ್ಲಿ ಮಗ್ಗ ಸರಿಮಾಡುವವನು, ಅಮ್ಮ ಅಲ್ಲೇ ನೇಯುವವಳು. ಗಿರಣಿ ಮುಚ್ಚಿದ ಮೇಲೆ ಸದ್ದಿಲ್ಲದ ಮನೆಯಲ್ಲಿ ಹೆಂಡತಿಗೆ ನಿದ್ದೆ ಹತ್ತದಿರುವುದನ್ನು ಕಂಡು, ಆತ ಈ ಪೆಟ್ಟಿಗೆಯೊಳಗೆ ಅವಳ ಮಗ್ಗವನ್ನೇ ಕಟ್ಟಿಟ್ಟಿದ್ದ. ಲಾಳಿ ಓಡುವ ಸದ್ದು, ಹಣಿಗೆ ಬಡಿಯುವ ಸದ್ದು, ನಡುನಡುವೆ ನೂಲು ಕಡಿದು ಎಡವುವ ಸದ್ದು. ಎಡವಿದಾಗ ಅಜ್ಜಿ ಗುಂಡಿ ಒತ್ತಿ ನಿಲ್ಲಿಸುವಳು, ಗಾಳಿಯಲ್ಲೇ ಗಂಟು ಹಾಕುವಳು, ಮತ್ತೆ ಓಡಿಸುವಳು. ಮಗಳ ಹೆಸರೂ ಮರೆತ ಮೇಲೆ ಅವಳಿಗೆ ಉಳಿದದ್ದು ಅದೊಂದೇ. ಮಗ್ಗ ಓಡುತ್ತಿದ್ದರೆ ತುತ್ತು ಇಳಿಯುತ್ತಿತ್ತು. ಇಲ್ಲದಿದ್ದರೆ, ಮಗ್ಗ ನಿಲ್ಲಿಸಿ ಉಂಡರೆ ಮೇಸ್ತ್ರಿ ಬಯ್ತಾನೆ ಎಂದು ತುಟಿ ಬಿಗಿಯುತ್ತಿದ್ದಳು. ಫೋನಿನಲ್ಲಿ ರೆಕಾರ್ಡು ಮಾಡಿ ಕೇಳಿಸಿದ್ದೂ ಆಗಿತ್ತು. ಗುಂಡಿ ಒತ್ತಿದರೂ ನಿಲ್ಲದ ಆ ಮಗ್ಗಕ್ಕೆ ಹೆದರಿ ಅಜ್ಜಿ ಕೈಗಳನ್ನು ಮಡಿಲಲ್ಲಿ ಅಡಗಿಸಿಕೊಂಡಿದ್ದಳು.

ಮೊನ್ನೆ ಮಷೀನಿನ ಕೆಂಪು ದೀಪ ಮಿನುಗತೊಡಗಿತು. ಒಳಗಿನ ಬ್ಯಾಟರಿ ಸಾಯುತ್ತಿದೆ, ಅದು ಸತ್ತರೆ ಕಟ್ಟಿಟ್ಟದ್ದೆಲ್ಲ ಅಳಿಸಿಹೋಗುತ್ತದೆ, ಆರಿಸಿ ಇಟ್ಟುಬಿಡಿ, ಮುಟ್ಟಬೇಡಿ ಎಂದು ಇಸೋಬೆ ಫೋನಿನಲ್ಲೇ ಗದರಿದ್ದ.

ಅಂಗಡಿ ಕಿಟಕಿಯಿಲ್ಲದ ಹಳೇ ಉಗ್ರಾಣ. ಹಗಲಲ್ಲೂ ದೀಪ ಬೇಕು. ಗೋಡೆ ತುಂಬ ಹಲ್ಲುದುರಿದ ಸಿಂಥಸೈಜರು ವಾದ್ಯಗಳು; ಮೂಲೆಯಲ್ಲಿ, ಯಾರಾದರೂ ಹತ್ತಿರ ಸುಳಿದರೆ ಸಾಕು ಊಳಿಡುವ, ಲೋಹದ ಕಡ್ಡಿ ನೆಟ್ಟ ಒಂದು ವಾದ್ಯದ ಪೆಟ್ಟಿಗೆ. ಇಸೋಬೆ ಅರವತ್ತು ದಾಟಿದ ಸಿಡುಕ. ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈ ಮೂತಿಗೆ ಯಾರು ಹೆಣ್ಣು ಕೊಟ್ರು?" ಎಂದಳು.

"ಯಾರೂ ಕೊಡ್ಲಿಲ್ಲ ಅಜ್ಜಿ. ಅದಕ್ಕೇ ಇವುಗಳ ಜೊತೆ ಸಂಸಾರ" ಎಂದ ಇಸೋಬೆ.

ಕಟ್ಟಿಟ್ಟದ್ದನ್ನು ಟೇಪಿಗೆ ಇಳಿಸಿಕೊಳ್ಳುವ ದಾರಿ ಈ ಮಷೀನಿನಲ್ಲಿ ಕೆಟ್ಟುಹೋಗಿತ್ತು. ಉಳಿದದ್ದು ಒಂದೇ ಉಪಾಯ. ಗೋಡೆಯ ಕರೆಂಟು ಕೊಟ್ಟು ಮಷೀನನ್ನು ಎಚ್ಚರವಾಗಿಟ್ಟುಕೊಂಡೇ ಹಳೇ ಬ್ಯಾಟರಿ ಬಿಡಿಸಿ, ಹೊಸದನ್ನು ಬೆಸೆಯಬೇಕು. ಇಸೋಬೆ ಬೆಸುಗೆ ಕಡ್ಡಿ ಕಾಯಿಸುತ್ತ ಹತ್ಸುಯೆಯತ್ತ ತಿರುಗಿದ.

"ನೋಡೀಮ್ಮ, ಹಳೇದು ಬಿಟ್ಟು ಹೊಸದು ಕೂರೋವರೆಗೂ ಇದರ ಜೀವ ಈ ವೈರಿನಲ್ಲೇ ಇರುತ್ತೆ. ಏನೇ ಆದ್ರೂ ಸ್ವಿಚ್ಚಿನ ಹತ್ರ ಹೋಗ್ಬೇಡಿ."

ಹತ್ಸುಯೆ ತಲೆಯಾಡಿಸಿದಳು. ಅವಳಿಗೆ ಭಯವಾಗಿತ್ತು, ನಿಜವಾದ ಭಯ. ಡಬ್ಬಿಯನ್ನು ಎದೆಗವಚಿಕೊಂಡಳು. ಹಳೇ ಬ್ಯಾಟರಿ ಕಳಚಿ ಮೇಜಿನ ಮೇಲೆ ಬಿತ್ತು. ಕೆಂಪು ದೀಪ ಮಿನುಗುತ್ತಲೇ ಇತ್ತು. ಇಸೋಬೆ ಹೊಸದನ್ನು ಚಿಮಟದಲ್ಲಿ ಎತ್ತಿದ.

ಆಗಲೇ ಇಬ್ಬರ ಫೋನುಗಳೂ ಒಟ್ಟಿಗೆ ಅರಚಿದವು. ಭೂಕಂಪ, ಭೂಕಂಪ.

ಈ ಕರಾವಳಿಯಲ್ಲಿ ಹುಟ್ಟಿದವರು ದೊಡ್ಡ ಕಂಪಕ್ಕೆ ಕಾಯುತ್ತಲೇ ಮುದುಕರಾಗುತ್ತಾರೆ. ಹತ್ಸುಯೆಯಂತೂ ತಮ್ಮ ಕೇರಿಯ ಭೂಕಂಪದ ಕವಾಯತಿಗೆ ಮುಂದಾಳು. ಬೆಂಕಿ ಆರಿಸು, ಮೇನ್ ಇಳಿಸು, ಬಾಗಿಲು ತೆರೆ ಎಂದು ಊರಿಗೆಲ್ಲ ಪಾಠ ಹೇಳಿದವಳು. ಕಪಾಟುಗಳು ಕಟಕಟ ಎಂದವು. ಅವಳ ಕಣ್ಣಿಗೆ ಬಿದ್ದದ್ದು ಕಾದು ಹೊಗೆಯಾಡುತ್ತಿದ್ದ ಬೆಸುಗೆ ಕಡ್ಡಿ, ಅದರ ಪಕ್ಕದಲ್ಲಿ ಕುರ್ಚಿ ಬಿಟ್ಟು ಏಳಲಾರದ ಅಮ್ಮ. ರೂಢಿಯ ಕಾಲು ಬುದ್ಧಿಗಿಂತ ಮುಂದೆ ಓಡುತ್ತದೆ. ಅವಳು ಓಡಿದ ರಭಸಕ್ಕೆ ಮೂಲೆಯ ಕಡ್ಡಿಯ ಪೆಟ್ಟಿಗೆ ಊಳಿಟ್ಟಿತು. ಇಸೋಬೆ ಬೇಡ ಎಂದದ್ದು ಅದರಲ್ಲಿ ಮುಳುಗಿಹೋಯಿತು. ಅವಳು ಮೇನ್ ಸ್ವಿಚ್ಚನ್ನು ಕೆಳಗೆಳೆದಳು.

ಊಳು ನಿಂತಿತು. ದೀಪಗಳು ಆರಿದವು. ನೆಲ ಇನ್ನೆರಡು ಸಲ ತೂಗಿ ಸುಮ್ಮನಾಯಿತು. ಸಣ್ಣ ಕಂಪ, ಒಂದು ಲೋಟವೂ ಒಡೆಯಲಿಲ್ಲ.

ಆಮೇಲೆ ಹತ್ಸುಯೆಗೆ ತನ್ನ ಕೈ ಎಲ್ಲಿದೆಯೆಂದು ತಿಳಿಯಿತು. ಕತ್ತಲಲ್ಲಿ ಕೆಂಪು ದೀಪಕ್ಕಾಗಿ ಹುಡುಕಿದಳು, ಅದೂ ಇರಲಿಲ್ಲ. ಇಸೋಬೆ ತಡವರಿಸುತ್ತ ಹತ್ತಿರ ಬಂದ.

"ಹೋಯ್ತಾ?" ಎಂದಳು.

"ಹೋಯ್ತಮ್ಮ. ಏನೂ ಉಳಿದಿಲ್ಲ" ಎಂದ ಅವನು. ಅವನ ದನಿಯಲ್ಲಿ ಸಿಡುಕಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಅಪ್ಪ ಎರಡನೇ ಸಲ ಸತ್ತ, ಈ ಸಲ ಕೊಂದವಳು ನಾನೇ ಎಂದುಕೊಂಡಳು ಹತ್ಸುಯೆ. ಅಷ್ಟರಲ್ಲಿ ಕುರ್ಚಿಯ ಕಡೆಯಿಂದ ಗುಂಡಿ ಒತ್ತುವ ಸದ್ದು ಬಂತು. ಟಿಕ್. ಮತ್ತೆ ಟಿಕ್. ಅಜ್ಜಿಯ ಕೈಗೆ ಮೇಜಿನ ಮೇಲಿನ ಮಷೀನು ಸಿಕ್ಕಿತ್ತು.

"ಕರೆಂಟು ಹೋಯ್ತೇನೇ?" ಎಂದಳು ಅಜ್ಜಿ. ದನಿಯಲ್ಲಿ ಹುಡುಗಿಯ ಖುಷಿ. "ಏನು ನೋಡ್ತಾ ನಿಂತಿದೀಯಾ? ಡಬ್ಬಿ ಬಿಚ್ಚು. ಕರೆಂಟು ಬರೋದ್ರೊಳಗೆ ಉಂಡುಬಿಡೋಣ, ಈಗ ಮೇಸ್ತ್ರಿ ಏನೂ ಅನ್ನಲ್ಲ."

ಹತ್ಸುಯೆ ಗೋಡೆ ಹಿಡಿದು ಬಂದು ಕತ್ತಲಲ್ಲೇ ಡಬ್ಬಿ ಬಿಚ್ಚಿದಳು. ಅನ್ನದುಂಡೆ ಮುರಿದು ನೀಡಿದರೆ ಅಜ್ಜಿ ಬಾಯಿ ತೆರೆದಳು. ಅಗಿದಳು, ನುಂಗಿದಳು, ಒಳಗಿನ ಹುಳಿ ಉಮೆ ಉಪ್ಪಿನಕಾಯಿಗೆ ಚಪ್ಪರಿಸಿದಳು. ಒಂದು ಉಂಡೆ ಮುಗಿಯಿತು, ಇನ್ನೊಂದು ಕೇಳಿದಳು. ಹತ್ಸುಯೆಯ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಇಸೋಬೆ ಮೇನ್ ಸ್ವಿಚ್ಚಿಗೆ ಕೈಯಿಟ್ಟದ್ದು ಕೇಳಿಸಿ, "ಹಾಕ್ಬೇಡಿ, ನಿಮ್ ದಮ್ಮಯ್ಯ" ಎಂದು ಪಿಸುಗುಟ್ಟಿದಳು. ಅವನು ಕೈ ತೆಗೆದ.

ಡಬ್ಬಿ ಬರಿದಾಯಿತು. ಅಜ್ಜಿ ಬೆರಳುಗಳನ್ನು ಮಡಿಲಿಗೆ ಒರೆಸಿಕೊಂಡು, ಒಂದನ್ನು ಗುಂಡಿಯ ಮೇಲೆ ಇಟ್ಟು ನೆಟ್ಟಗೆ ಕೂತಳು.

"ಸರಿ, ಊಟ ಆಯ್ತು" ಎಂದಳು. "ಇನ್ನು ಕರೆಂಟು ಹಾಕಕ್ಕೆ ಹೇಳು."