ಹೆಸರಿಲ್ಲದ ಎರಡು ಸಾಲು

ಮೇಲೂರಿನ ಆ ಮನೆಯಲ್ಲಿ ಯಾರನ್ನೂ ಬರೀ ಅಮ್ಮ ಎಂದು ಕರೆಯುತ್ತಿರಲಿಲ್ಲ. ದೊಡ್ಡವಳು ಪೆದ್ದಮ್ಮ, ಚಿಕ್ಕವಳು ಚಿನ್ನಮ್ಮ. ಇಬ್ಬರೂ ಒಡಹುಟ್ಟಿದವರು, ಇಬ್ಬರನ್ನೂ ವೆಂಕಟರಾಮಪ್ಪನಿಗೇ ಕೊಟ್ಟಿದ್ದರು. ಅಕ್ಕನಿಗೆ ಆರು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ತಂಗಿಯನ್ನೂ ಅದೇ ಮನೆಗೆ ತಂದುಕೊಂಡಿದ್ದರು.

ಕದಿರಮ್ಮ ಪೆದ್ದಮ್ಮನ ಮಗಳು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಬೇಕಾದ ಪ್ರಮೇಯವೂ ಬಂದಿರಲಿಲ್ಲ. ಚಿನ್ನಮ್ಮನಿಗೆ ಮುಂದೆ ಇಬ್ಬರು ಗಂಡುಮಕ್ಕಳಾದರು. ಪೆದ್ದಮ್ಮನ ಸೆರಗು ಹಿಡಿದು ತಿರುಗಿದವಳು ಕದಿರಮ್ಮ ಒಬ್ಬಳೇ. ತಲೆ ಬಾಚುತ್ತಿದ್ದವಳು ಪೆದ್ದಮ್ಮ, ಧಾರೆ ಎರೆದವಳು ಪೆದ್ದಮ್ಮ. ಆ ಪೆದ್ದಮ್ಮ ಹಾಸಿಗೆ ಹಿಡಿದಾಗ ಕದಿರಮ್ಮ ಚಿಂತಾಮಣಿ ಕಡೆಯ ತನ್ನ ಗಂಡನ ಮನೆಗೆ ಕರೆತಂದು, ಆರು ತಿಂಗಳು ಮೈ ತೊಳೆದು, ತುತ್ತಿಟ್ಟು, ಕೊನೆಗೆ ಬಾಯಿಗೆ ನೀರು ಬಿಟ್ಟು ಕಳಿಸಿಕೊಟ್ಟಳು. ಆ ವಿಷಯದಲ್ಲಿ ಅವಳ ಮನಸ್ಸಿಗೆ ಯಾವ ಕೊರಗೂ ಇರಲಿಲ್ಲ.

ಕೊರಗು ಇದ್ದದ್ದು ಚಿನ್ನಮ್ಮನ ಬಗ್ಗೆ. ಹದಿನೆಂಟು ವರ್ಷದ ಹಿಂದೆ ಚಿನ್ನಮ್ಮ ಶಿಡ್ಲಘಟ್ಟದಲ್ಲಿ ಮಗ ವೇಣುವಿನ ಮನೆಯಲ್ಲಿ ಮಲಗಿದ್ದಾಗ, ಕದಿರಿಯನ್ನು ಒಂದು ಸಲ ಕಳಿಸಿ ಎಂದು ಹೇಳಿಕಳಿಸಿದ್ದಳು. ಕದಿರಮ್ಮನ ಮನೆಯಲ್ಲಿ ಆಗ ರೇಷ್ಮೆಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆ, ಬಿಟ್ಟು ಎದ್ದಿತ್ತು. ಆ ಹಂತದ ಹುಳ ಹಗಲೂ ರಾತ್ರಿ ಸೊಪ್ಪು ಬೇಡುತ್ತದೆ, ಒಂದು ಹೊತ್ತು ತಪ್ಪಿದರೆ ಬೆಳೆ ಕೈಬಿಟ್ಟಂತೆ. ಹೆತ್ತವಳಾಗಿದ್ದರೆ ಅಷ್ಟನ್ನೂ ತಿಪ್ಪೆಗೆ ಸುರಿದು ಓಡುತ್ತಿದ್ದಳೇನೋ. ಚಿನ್ನಮ್ಮ ತಾನೆ, ಹುಳ ಗೂಡು ಕಟ್ಟಲಿ, ಹೋದರಾಯಿತು ಎಂದುಕೊಂಡಳು. ಗೂಡಿಗೆ ಮೊದಲೇ ಸಾವಿನ ಸುದ್ದಿ ಬಂತು.

ಹೋದ ತಿಂಗಳವರೆಗೆ ಅದು ಸಹಿಸಬಹುದಾದ ಕೊರಗಾಗಿತ್ತು. ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲ್ ಟೀಚರಾಗಿರುವ ಮಗಳು ಭಾನುಪ್ರಿಯಾ ಮನೆತನದ ವಂಶವೃಕ್ಷ ಬರೆಯುತ್ತೇನೆಂದು ಹೊರಟು, ಮೇಲೂರಿನ ಹಳೇ ನೆರೆಯವಳಾದ ಅಮ್ಮಾಜಮ್ಮನನ್ನು ಮಾತಾಡಿಸಿದಳು. ತೊಂಬತ್ತು ದಾಟಿದ ಅಮ್ಮಾಜಮ್ಮ ಎಲೆ ಅಡಿಕೆ ಕುಟ್ಟುತ್ತಲೇ ಹೇಳಿಬಿಟ್ಟಳು: "ನಿಮ್ಮಮ್ಮ ಹುಟ್ಟಿದ ತಿಂಗಳಲ್ಲೇ ಇಬ್ರೂ ಹೆತ್ರು ಕಣಮ್ಮ. ಎರಡೂ ಹೆಣ್ಣೇ. ಒಂದೇ ಕೋಣೇಲಿ ಬಾಣಂತನ. ಅತ್ತದ್ದನ್ನ ಯಾರು ಎತ್ತಿಕೊಂಡ್ರೆ ಅವರು ಮೊಲೆ ಕೊಡೋರು. ಒಂದು ಹೋಗ್ಬಿಡ್ತು. ಯಾರ್ದು ಅಂತ ಅವ್ರು ಹೇಳ್ಲಿಲ್ಲ, ನಾವ್ಯಾಕೆ ಕೇಳಣ?"

ಮಗಳು ಆ ಮಾತನ್ನು ತಂದು ಮುಂದಿಟ್ಟ ದಿನದಿಂದ ಕದಿರಮ್ಮ ಕೈಯಲ್ಲಿದ್ದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಕೂರುತ್ತಿದ್ದಳು. ಎಪ್ಪತ್ತಮೂರರ ವಯಸ್ಸಿನಲ್ಲಿ ತಾಯಿ ಯಾರೆಂದು ಹುಡುಕುವುದು ನಗೆಪಾಟಲೆಂದು ಅವಳಿಗೂ ಗೊತ್ತಿತ್ತು. ಆದರೆ ಅವಳು ಹುಡುಕುತ್ತಿದ್ದದ್ದು ಬೇರೆ. ತಾನು ಹೋಗದೆ ಉಳಿದದ್ದು ಚಿಕ್ಕಮ್ಮನ ಸಾವಿಗೋ, ಹೆತ್ತ ತಾಯಿಯ ಸಾವಿಗೋ? ಅದೊಂದು ತಿಳಿಯಬೇಕಿತ್ತು.

"ವೇಣು ಮಾವಂದೂ ನಿಂದೂ ರಕ್ತ ಪರೀಕ್ಷೆ ಮಾಡಿಸಿದ್ರೆ ಅಂದಾಜು ಸಿಗತ್ತಮ್ಮ," ಎಂದಳು ಭಾನುಪ್ರಿಯಾ.

"ಈ ವಯಸ್ಸಲ್ಲಿ ರಕ್ತ ಕೊಟ್ಟು ತಾಯೀನ ತಗೋಬೇಕೇನೇ? ಬರೆದಿಟ್ಟಿದ್ರೆ ನೋಡಣ, ನಡಿ."

ಹೀಗೆ ತಾಯಿ ಮಗಳು ಒಂದು ಬುಧವಾರ ಶಿಡ್ಲಘಟ್ಟದ ತಾಲ್ಲೂಕು ಕಚೇರಿಯ ದಾಖಲೆ ಕೋಣೆಗೆ ಬಂದರು. ಅರ್ಜಿ ಮೊದಲೇ ಹಾಕಿದ್ದರಿಂದ ಗುಮಾಸ್ತ ಸುನೀಲ್‌ಕುಮಾರ್ ಮೇಲೂರಿನ ಹಳೇ ಜನನ ಮರಣದ ಪುಸ್ತಕಗಳನ್ನು ತೆಗೆದಿಟ್ಟಿದ್ದ. ಶಾನುಭೋಗರ ಕೂಡುಬರಹ ತನಗೆ ಓದಲು ಬರುವುದಿಲ್ಲವೆಂದು ನಿವೃತ್ತ ಗ್ರಾಮಲೆಕ್ಕಿಗ ಚೆನ್ನರಾಯಪ್ಪನವರನ್ನೂ ಕರೆಸಿದ್ದ. ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು ಅವರು ಸಾಲುಗಳ ಮೇಲೆ ಬೆರಳಾಡಿಸಿದರು.

"ಸಿಕ್ತು ನೋಡಿ. ಸಾವಿರದ ಒಂಬೈನೂರ ಐವತ್ತೆರಡು, ಮಾರ್ಚಿ ಹನ್ನೆರಡು. ಹೆಣ್ಣು. ತಂದೆ ವೆಂಕಟರಾಮಪ್ಪ, ವ್ಯವಸಾಯ. ತಾಯಿ ಮುನಿಯಮ್ಮ."

ಅದು ಪೆದ್ದಮ್ಮನ ಹೆಸರು. ಬೆರಳು ನಾಲ್ಕು ಸಾಲು ಕೆಳಗಿಳಿಯಿತು.

"ಮಾರ್ಚಿ ಇಪ್ಪತ್ತೇಳು. ಹೆಣ್ಣು. ತಂದೆ ಅವ್ರೇ. ತಾಯಿ ಪಿಳ್ಳಮ್ಮ."

ಅದು ಚಿನ್ನಮ್ಮನದು. ಎರಡು ಸಾಲಿನಲ್ಲೂ ಮಗುವಿನ ಹೆಸರಿನ ಜಾಗ ಖಾಲಿ.

"ಹೆಸರೇ ಇಲ್ವಲ್ಲ ಸಾರ್!" ಎಂದಳು ಭಾನುಪ್ರಿಯಾ.

"ಎಲ್ಲಿಂದ ಬರಬೇಕು ಮೇಡಂ? ಹುಟ್ಟಿದ ವಾರಕ್ಕೆಲ್ಲ ತಳವಾರ ಬಂದು ಹೇಳ್ಬಿಡೋನು. ಹೆಸರಿಡೋದು ಆಮೇಲೆ. ಹೆಸರಿಟ್ವಿ, ಬರ್ಕೊಳ್ಳಿ ಅಂತ ಯಾರು ತಿರುಗಿ ಬರ್ತಿದ್ರು? ನಾನೂ ನಮ್ಮೂರ ಪುಸ್ತಕದಲ್ಲಿ ಬರೀ ಗಂಡು ಅಷ್ಟೇ."

ಸುನೀಲ್‌ಕುಮಾರ್ ನಕ್ಕು, ಕದಿರಮ್ಮನ ಕಡೆ ತಿರುಗಿದ. "ಹೆಸರು ಸೇರಿಸ್ಬೋದು ಅಜ್ಜಿ. ಒಂದು ಅಫಿಡವಿಟ್ ಕೊಟ್ಟು ಅರ್ಜಿ ಹಾಕಿದ್ರೆ ಸಾಕು. ಹೇಳಿ, ನೀವು ಯಾವ ಸಾಲು?"

ಎಷ್ಟು ಹಗುರವಾಗಿ ಕೇಳಿಬಿಟ್ಟ! ಕದಿರಮ್ಮ ಪುಸ್ತಕದತ್ತ ಬಾಗಿದಳು. ಅವಳಿಗೆ ಓದು ಬರುತ್ತಿತ್ತು, ಆದರೆ ಆ ಮಸಿಯಲ್ಲಿ ಒಂದಕ್ಷರವೂ ಗುರುತು ಹತ್ತಲಿಲ್ಲ.

"ಸತ್ತೋರ ಪುಸ್ತಕಾನೂ ನೋಡಿ ಸ್ವಾಮಿ," ಎಂದಳು. "ಸತ್ತದ್ದು ಯಾವ್ದು ಅಂತ ಗೊತ್ತಾದ್ರೆ ಇರೋದು ಯಾವ್ದು ಅಂತ ತಿಳೀತದೆ."

ಚೆನ್ನರಾಯಪ್ಪ ಮರಣದ ಪುಸ್ತಕ ಎಳೆದುಕೊಂಡರು. ಹಾಳೆ ಅಂಚಿನಲ್ಲಿ ಪುಡಿಯಾಗುತ್ತಿತ್ತು, ಅವರು ಕೈಯೊಡ್ಡಿ ನಿಧಾನವಾಗಿ ಮಗುಚುತ್ತಿದ್ದರು. ಇಪ್ಪತ್ತೇಳರ ಮಗುವೇ ಸತ್ತಿರಲಿ, ಎಂದು ಅವಳ ಮನಸ್ಸು ಒಳಗೊಳಗೇ ಬೇಡಿತು. ಬೇಡಿದ ಮರುಕ್ಷಣವೇ ಅವಳಿಗೆ ಕಸಿವಿಸಿಯಾಯಿತು. ಚಿನ್ನಮ್ಮನ ಮಗು ಸಾಯಲೆಂದು ಎಪ್ಪತ್ತಮೂರು ವರ್ಷದ ಮೇಲೆ ಕೇಳಿಕೊಳ್ಳುತ್ತಿದ್ದೇನಲ್ಲ!

"ಮೇ ಹದಿನೆಂಟು," ಚೆನ್ನರಾಯಪ್ಪ ಓದಿದರು. "ಹೆಣ್ಣು. ವಯಸ್ಸು ಎರಡು ತಿಂಗಳು. ಜ್ವರ. ತಂದೆ ವೆಂಕಟರಾಮಪ್ಪ."

ಭಾನುಪ್ರಿಯಾ ಬೆರಳು ಮಡಿಸಿ ಎಣಿಸಿದಳು. "ಮೊದಲ್ನೇದಕ್ಕೆ ಅರವತ್ತೇಳು ದಿನ, ಎರಡ್ನೇದಕ್ಕೆ ಐವತ್ತೆರಡು. ಎರಡು ತಿಂಗಳು ಅಂದ್ರೆ ಎರಡಕ್ಕೂ ಆಗತ್ತಲ್ಲ ಸಾರ್?"

"ಆಗ್ತದೆ. ಅಂದಾಜಿನ ಲೆಕ್ಕ." ಚೆನ್ನರಾಯಪ್ಪ ಭೂತಗನ್ನಡಿಯನ್ನು ಇನ್ನಷ್ಟು ಕೆಳಗಿಳಿಸಿದರು. ಹಾಳೆಯ ಉಳಿದ ಸಾಲುಗಳನ್ನೂ ಒಂದೊಂದಾಗಿ ಓದಿದರು. ಆಮೇಲೆ, "ಇಲ್ನೋಡಿ ತಾಯಿ," ಎಂದರು. "ಈ ಹಾಳೇಲಿ ಇನ್ನೂ ಐದು ಹಸುಗೂಸಿನ ಸಾವಿದೆ. ಐದಕ್ಕೂ ಈ ಶಾನುಭೋಗರು ಕೊನೇಲಿ ಇಂಥವಳ ಕೂಸು ಅಂತ ತಾಯಿ ಹೆಸರು ಬರೆದವ್ರೆ. ಅಚ್ಚುಕಟ್ಟಿನ ಮನುಷ್ಯ. ನಿಮ್ಮ ಮನೇದಕ್ಕೆ ಮಾತ್ರ ಕೂಸು ಅಂತ ಬರ್ದು, ಅದ್ರ ಹಿಂದೆ ಜಾಗ ಬಿಟ್ಟವ್ರೆ."

"ಮರೆತಿರಬೇಕು," ಎಂದ ಸುನೀಲ್‌ಕುಮಾರ್.

"ಮರೆತೋನು ಜಾಗ ಬಿಡ್ತಾನೇನಪ್ಪ? ಕೇಳವ್ರೆ, ಆಮೇಲೆ ಬರ್ಕೊಳ್ಳಣ ಅಂತ ಬಿಟ್ಟವ್ರೆ. ಈ ಮನೆಯೋರು ಹೇಳೇ ಇಲ್ಲ."

ಕದಿರಮ್ಮ ಆ ಖಾಲಿ ಜಾಗವನ್ನು ನೋಡಿದಳು. ಎರಡು ಬೆರಳಗಲವಿತ್ತು. ಅಕ್ಕ ತಂಗಿ ಇಬ್ಬರೂ ತುಟಿ ಹೊಲಿದುಕೊಂಡು ಶಾನುಭೋಗರನ್ನು ಬಾಗಿಲಿನಿಂದ ವಾಪಸು ಕಳಿಸಿದ್ದು ಅವಳಿಗೆ ಕಂಡಂತಾಯಿತು. ಹೇಳಿದ್ದರೆ ಒಬ್ಬಳು ಮಗು ಕಳೆದುಕೊಂಡವಳಾಗುತ್ತಿದ್ದಳು, ಇನ್ನೊಬ್ಬಳು ಅವಳೆದುರು ಮಗು ಎತ್ತಿಕೊಂಡು ಓಡಾಡಬೇಕಾಗುತ್ತಿತ್ತು. ಒಂದೇ ಒಲೆಯ ಮುಂದೆ ಜೀವನವಿಡೀ. ಅದಕ್ಕೆ ಸತ್ತದ್ದು ಇಬ್ಬರದೂ ಆಯಿತು, ಉಳಿದದ್ದೂ ಇಬ್ಬರದೇ ಆಯಿತು. ಗಂಡುಮಕ್ಕಳಾದ ಮೇಲೆ ಚಿನ್ನಮ್ಮ ಕದಿರಿಯ ಜಡೆ ಹೆಣೆಯುವ ಕೆಲಸವನ್ನು ತಾನಾಗಿಯೇ ಅಕ್ಕನಿಗೆ ಬಿಟ್ಟುಕೊಟ್ಟಿರಬೇಕು. ಬಿಟ್ಟುಕೊಟ್ಟದ್ದು ತನ್ನ ಮಗಳನ್ನೋ ಅಕ್ಕನ ಮಗಳನ್ನೋ, ಅವಳು ಸಾಯುವ ತನಕ ಬಾಯಿಬಿಡಲಿಲ್ಲ.

"ಅಜ್ಜಿ, ಯಾವ್ದು ಅಂತ ಹೇಳಿದ್ರೆ ಅರ್ಜಿ ನಮೂನೆ ಕೊಡ್ತೀನಿ," ಎಂದ ಸುನೀಲ್‌ಕುಮಾರ್.

"ಮಾರ್ಚಿ ಹನ್ನೆರಡೇ ಇರಲಿ ಬಿಡಮ್ಮ," ಭಾನುಪ್ರಿಯಾ ಮೆಲ್ಲಗೆ ಹೇಳಿದಳು. "ಎಲ್ಲಾರೂ ಹಾಗೇ ಅಂದ್ಕೊಂಡಿದ್ದಾರೆ. ನಿಂಗೂ ನೆಮ್ಮದಿ."

"ನನ್ನ ನೆಮ್ಮದಿಗೆ ಒಂದು ಸಾಲಲ್ಲಿ ನಾನು ಕೂತ್ಕೊಂಡ್ರೆ, ಇನ್ನೊಂದು ಸಾಲಿನ ಕೂಸು ಸತ್ತೋಯ್ತು ಅಂತ ನಾನೇ ಬರೆದಂಗೆ ಕಣೇ. ಅವರಿಬ್ರೂ ಬರೆಸದೇ ಇದ್ದದ್ದನ್ನ ನಾನು ಬರೆಸಲಾ?" ಕದಿರಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ಬೇಡಪ್ಪ. ಪುಸ್ತಕ ಎತ್ತಿಡು. ಸ್ವಾಮಿ, ನಿಮ್ಮ ಕಣ್ಣು ಚೆನ್ನಾಗಿರಲಿ."

ಹೊರಗೆ ಬಿಸಿಲಿಗೆ ಬಂದ ಮೇಲೆ ಭಾನುಪ್ರಿಯಾ ಕೇಳಿದಳು. "ನನ್ನ ಚಾರ್ಟಲ್ಲಿ ಏನ್ ಹಾಕ್ಲಮ್ಮ?"

"ಮೇಲೆ ಇಬ್ಬರ ಹೆಸ್ರೂ ಬರಿ. ಕೆಳಗೆ ಎರಡು ಹೆಣ್ಣು ಅಂತ ಬರಿ. ಮಧ್ಯೆ ಗೆರೆ ಎಳೀಬೇಡ." ಒಂದು ಹೆಜ್ಜೆ ನಡೆದು ನಿಂತಳು. "ಆಟೋ ಹಿಡಿ. ವೇಣು ಮನೆಗೆ ಹೋಗಣ."

ವೇಣುವಿನ ಮನೆ ಗೂಡಿನ ಮಾರುಕಟ್ಟೆಯ ಹಿಂದೆ. ಮುಂಭಾಗದಲ್ಲಿ ನೂಲು ತೆಗೆಯುವ ಯಂತ್ರಗಳು, ಬೀದಿಯ ತುದಿಯಿಂದಲೇ ಬೆಂದ ಗೂಡಿನ ವಾಸನೆ. ಹಬ್ಬ ಹರಿದಿನಕ್ಕೆ ಬಿಟ್ಟರೆ ಕದಿರಮ್ಮ ಈ ಕಡೆ ಬಂದವಳಲ್ಲ, ಬಂದಾಗಲೂ ಚಿನ್ನಮ್ಮ ಮಲಗಿದ್ದ ಕೋಣೆಯ ಕಡೆ ತಿರುಗಿ ನೋಡಿದವಳಲ್ಲ. ವೇಣು ಒದ್ದೆ ಕೈಯಲ್ಲೇ ಹೊರಗೆ ಬಂದ.

"ಏನಕ್ಕ, ದಿಢೀರಂತ? ದಾರಿ ತಪ್ಪಿ ಬಂದ್ಯಾ?"

ಕದಿರಮ್ಮ ಕೂರಲಿಲ್ಲ. "ವೇಣು, ಆವತ್ತು ಚಿನ್ನಮ್ಮ ಹೇಳಿಕಳಿಸಿದಾಗ ನಾನು ಬರಬೇಕಿತ್ತು ಕಣೋ."

ಅಯ್ಯೋ ಬಿಡಕ್ಕ, ಹಳೇದೆಲ್ಲ ಯಾಕೆ ಎನ್ನುತ್ತಾನೆಂದು ಅವಳು ಕಾದಳು. ವೇಣು ಟವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡ.

"ಬರಬೇಕಿತ್ತಕ್ಕ," ಎಂದ. "ಮೂರು ದಿನ ಬಾಗಿಲ ಕಡೇನೇ ಮುಖ ಮಾಡ್ಕೊಂಡು ಮಲಗಿದ್ಲು."

ಇಷ್ಟು ವರ್ಷ ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹುಳದ ನೆಪ ನಾಲಿಗೆಯ ತುದಿಯವರೆಗೆ ಬಂದರೂ ಅವಳು ಅದನ್ನು ನುಂಗಿಕೊಂಡಳು. ಒಳಗೆ ಹೋಗಿ, ಕೋಣೆಯ ಮಂಚದ ತುದಿಯಲ್ಲಿ, ಬಾಗಿಲು ಕಾಣುವಂತೆ ಕುಳಿತಳು.

"ಹೇಳು," ಎಂದಳು. "ಮೂರು ದಿನದ್ದೂ ಹೇಳು. ಏನೂ ಬಿಡಬೇಡ."

ವೇಣು ಯಂತ್ರ ನಿಲ್ಲಿಸಲು ಮುಂಭಾಗದಲ್ಲಿದ್ದವರಿಗೆ ಕೂಗಿ ಹೇಳಿ, ಕುರ್ಚಿ ಎಳೆದುಕೊಂಡು ಅವಳೆದುರು ಕುಳಿತ.